ಅರಿಶಿನದ ಬಟ್ಟಲಿಗೆ ಹಾಕಿದ ಉಪ್ಪು

ಆ ಯಂತ್ರ ತಾನಾಗಿ ಕೆಟ್ಟಿರಲಿಲ್ಲ. ಕೆಡಿಸಿದವಳು ನಾನು. ಪೂಜೆಗೆಂದು ಕಲಸಿದ ಅರಿಶಿನದ ನೀರಿಗೆ ಉಪ್ಪು ಬೆರೆಸಿ, ನನ್ನ ಈ ಬಲಗೈಯಿಂದಲೇ ಅದರ ಕೊಳವೆಗೆ ಬಳಿದೆ — ಬಾಯಲ್ಲಿ ದೇವರ ಹೆಸರು ಹೇಳಿಕೊಂಡು. ಇಷ್ಟು ಹೇಳಲು ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು.

ನಾನು ವಸುಂಧರಾ. ಬಸವೇಶ್ವರನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ, ಕನ್ನಡ ಮಾಧ್ಯಮದಲ್ಲಿ, ವಿಜ್ಞಾನದ ಟೀಚರಾಗಿದ್ದೆ. ಎರಡು ಸಾವಿರದ ಐದರ ಜೂನಿನಲ್ಲಿ ಮಹಾದೇವಿ ನಮ್ಮ ಶಾಲೆಗೆ ಬಂದಾಗ ನಾನು ಅಲ್ಲಿ ಹದಿನಾಲ್ಕು ವರ್ಷ ಸವೆಸಿದ್ದೆ. ಮಕ್ಕಳು ಹೆಚ್ಚಾಗಿದ್ದಾರೆ, ನಿಮ್ಮೊಬ್ಬರಿಗೆ ಕಷ್ಟ ಎಂದು ಶಾಲೆಯ ಕಾರ್ಯದರ್ಶಿಗಳು ಅವರನ್ನು ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡಿದ್ದರು; ಕೆಲಸ ನೋಡಿ ಕಾಯಂ ಮಾಡುವುದೆಂದು ಮಾತಾಗಿತ್ತು. ನನ್ನದು ಕಾಯಂ ಆಗಿ ಯಾವುದೋ ಕಾಲವಾಗಿತ್ತು. ಅವರು ಇದ್ದರೂ ಹೋದರೂ ನನ್ನ ಅನ್ನಕ್ಕೆ ಕುತ್ತಿರಲಿಲ್ಲ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ — ಹೊಟ್ಟೆಪಾಡಿಗೆ ಮಾಡಿದೆ ಎಂದುಕೊಂಡು ನೀವು ನನಗೆ ಕನಿಕರ ತೋರಿಸಬಾರದು. ನಾನು ಮಾಡಿದ್ದು ಹೊಟ್ಟೆಕಿಚ್ಚಿಗೆ.

ಮಹಾದೇವಿ ಗದಗದ ಕಡೆಯವರು. ಗಂಡ ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕಿದ್ದರು. ಎರಡು ವರ್ಷದ ಮಗಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಇವರು ಶಾಲೆಗೆ ಬರುತ್ತಿದ್ದರು. ಎಂಎಸ್ಸಿ, ಬಿಎಡ್ ಓದಿಕೊಂಡಿದ್ದರು. ನನ್ನದು ಬರೀ ಬಿಎಸ್ಸಿ — ಇದು ಮೊದಲನೇ ದಿನವೇ ಚುಚ್ಚಿತು. "ಕುಂದರ್ರಿ, ಯಾಕ ಗದ್ಲ ಮಾಡಾಕತ್ತೀರಿ" ಎಂದು ಅವರು ತರಗತಿಯಲ್ಲಿ ಅಂದರೆ ಹಿಂದಿನ ಬೆಂಚಿನಿಂದ ಅದೇ ರಾಗದಲ್ಲಿ ಮರುದನಿ ಬರುತ್ತಿತ್ತು. ಹಿರಿಯಳಾಗಿ ನಾನು ಮಕ್ಕಳನ್ನು ಗದರಬೇಕಿತ್ತು. ಗದರುವುದಿರಲಿ, ಸ್ಟಾಫ್ ರೂಮಿನಲ್ಲಿ ಅವರ ಹಾಗೆ ಮಾತಾಡಿ ತೋರಿಸಿ ನಾಲ್ಕು ಜನರನ್ನು ನಗಿಸಿದೆ. ಅವರು ಆಗ ಬಾಗಿಲಲ್ಲೇ ನಿಂತಿದ್ದರು. ಕೇಳಿಸಿಕೊಂಡು ತಾವೂ ನಕ್ಕು, "ಬರೋಬ್ಬರಿ ಬಂತ್ರಿ ಮೇಡಂ, ನಮ್ಮೂರಾಗ ಹುಟ್ಟಿದಾರಂಗ ಮಾತಾಡ್ತೀರಿ" ಅಂದರು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಡಿಸೆಂಬರಿನಲ್ಲಿ ಸ್ಥಿರ ವಿದ್ಯುತ್ತಿನ ಪಾಠ ಬಂತು. ನಾನು ಹದಿನಾಲ್ಕು ವರ್ಷದಿಂದ ಆ ಪಾಠವನ್ನು ಒಂದು ಬಾಚಣಿಗೆ ಮತ್ತು ನಾಲ್ಕು ಚೂರು ಕಾಗದದಲ್ಲಿ ಮುಗಿಸುತ್ತಿದ್ದೆ. ತಲೆ ಬಾಚು, ಕಾಗದಕ್ಕೆ ಹಿಡಿ, ಎದ್ದಿತಾ, ಎದ್ದಿತು, ಬರ್ಕೊಳ್ಳಿ. ಅವರು ಮಾತ್ರ ತಮ್ಮ ಒಂಬತ್ತನೇ ತರಗತಿಯ ಮಕ್ಕಳಿಗೆ, ವಿದ್ಯುತ್ತು ಹುಟ್ಟಿಸುವ ಯಂತ್ರವನ್ನೇ ಮಾಡೋಣ ಅಂದರು. "ಅಂಗಡ್ಯಾಗಿಂದು ಏನೂ ಬ್ಯಾಡ. ಮನ್ಯಾಗ ಏನೈತಿ, ಅದ್ರಾಗ ಮಾಡೂಣು." ಮಕ್ಕಳು ಅಡುಗೆಮನೆ, ಅಟ್ಟ ಎಲ್ಲ ಜಾಲಾಡಿ ತಂದು ಸುರಿದರು.

ಎರಡು ಅಡಿ ಉದ್ದದ ಬಿಳಿ ನೀರಿನ ಪೈಪನ್ನು ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿದರು. ಮಹಾದೇವಿಯವರ ತಂದೆ ಮರಗೆಲಸದವರಂತೆ, ಮಗಳ ಕೈಯಲ್ಲೂ ಆ ಹದ ಇತ್ತು. ದಾರದ ಖಾಲಿ ಉರುಳೆಗೆ ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿ ಕೆಳಗೆ ಕೂರಿಸಿದರು. ಅದನ್ನು ತಿರುಗಿಸಲು ಗಂಡ ಗುಜರಿಯಿಂದ ಹುಡುಕಿ ತಂದ ಹೊಲಿಗೆ ಮಿಷನ್ನಿನ ಮೋಟರು, ಕಾಲಲ್ಲಿ ಒತ್ತುವ ಪೆಡಲ್ ಸಮೇತ. ಹಳೆಯ ವೈರು ಸುಲಿದು ತಾಮ್ರದ ಎಳೆಗಳ ಎರಡು ಕುಂಚ. ಪೈಪಿನ ನೆತ್ತಿಯ ಮೇಲೆ ಎರಡು ಸ್ಟೀಲ್ ಬೋಗುಣಿಗಳನ್ನು ಬಾಯಿಗೆ ಬಾಯಿ ಸೇರಿಸಿದ ಗುಂಡು. ಪೈಪಿನೊಳಗೆ ಒಂದು ರಬ್ಬರ್ ಪಟ್ಟಿ ಕೆಳಗಿನಿಂದ ಮೇಲಕ್ಕೆ ಸುತ್ತುತ್ತ, ಉಜ್ಜಿ ಹುಟ್ಟಿದ ವಿದ್ಯುತ್ತನ್ನು ಹೊತ್ತೊಯ್ದು ಆ ಗುಂಡಿಗೆ ತುಂಬಬೇಕು. ನಾಲ್ಕು ಶನಿವಾರ ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದಲ್ಲಿ ಇದೇ ಕೆಲಸ ನಡೆಯಿತು, ನಾನು ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಅವರ ನಗು ಕೇಳಿಸಿಕೊಳ್ಳುತ್ತಿದ್ದೆ.

ಒಂದು ದಿನ ಅವರೇ ಬಂದು ಕರೆದರು. "ಮೇಡಂ, ನೀವು ಹಿರ್ಯಾರು. ಪಟ್ಟಿಗೆ ಯಾವ ರಬ್ಬರ್ ಹಾಕೂಣ್ರಿ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ. "ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿ, ಅದಕ್ಕಿಂತ ಒಳ್ಳೆ ರಬ್ಬರ್ ಬೇಕೇನ್ರೀ" ಎಂದು ಗತ್ತಿನಿಂದ ಹೇಳಿ ಬಂದೆ. ಎರಡು ಶನಿವಾರ ಆ ಟ್ಯೂಬು ಸುತ್ತಿದ್ದೇ ಸುತ್ತಿದ್ದು, ಒಂದು ಕಿಡಿ ಹುಟ್ಟಲಿಲ್ಲ. ಕರಿ ಟ್ಯೂಬಿನಲ್ಲಿ ಕಾಡಿಗೆಯಂಥ ಇಂಗಾಲ ಬೆರೆತಿರುತ್ತದೆ, ವಿದ್ಯುತ್ತು ಅದರಲ್ಲೇ ಹರಿದು ಹೋಗಿಬಿಡುತ್ತದೆ ಎಂದು ಅವರು ಎಲ್ಲೋ ಓದಿ ತಿಳಿದುಕೊಂಡರು. ಮಗಳ ಹಾಸಿಗೆ ಒದ್ದೆಯಾಗದಿರಲೆಂದು ಹಾಸುವ ಕೆಂಪು ರಬ್ಬರ್ ಶೀಟು ತಂದು ಪಟ್ಟಿ ಕತ್ತರಿಸಿದರು. ಆಮೇಲೆ ಮಕ್ಕಳಿಗೆ ಹೇಳಿದರು — ನಾನು ಬಾಗಿಲಲ್ಲಿದ್ದೆ — "ವಸುಂಧರಾ ಮೇಡಂ ಟ್ಯೂಬ್ ಹಾಕ್ರಿ ಅಂದದ್ದಕ್ಕ ನಮಗ ಇದು ತಿಳೀತು ನೋಡ್ರಿ. ಇಲ್ಲಂದ್ರ ಈ ಪಾಠ ತಪ್ತಿತ್ತು."

ನನ್ನ ತಪ್ಪನ್ನು ಅವರು ಗೌರವದ ಶಾಲು ಹೊದಿಸಿ ಮುಚ್ಚಿದ್ದರು. ಒಬ್ಬ ಹುಡುಗನೂ ನಗಲಿಲ್ಲ. ಆದರೂ ನನಗೆ ಎಲ್ಲರೂ ನಕ್ಕ ಹಾಗೇ ಕೇಳಿಸಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಸಂಕ್ರಾಂತಿ ಕಳೆದ ವಾರ ಯಂತ್ರ ನಡೆಯಿತು. ಗುಂಡಿನ ಮೇಲೆ ಒಂದು ಹಿಡಿ ಕಡಲೆಪುರಿ ಇಟ್ಟು ಪೆಡಲ್ ಒತ್ತಿದರೆ ಪುರಿ ಒಂದೊಂದಾಗಿ ನೆಗೆದು ದಿಕ್ಕಾಪಾಲಾಗಿ ಹಾರಿತು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಗುಂಡು ಮುಟ್ಟಿದ ಹುಡುಗಿಯ ಬಿಚ್ಚಿದ ಕೂದಲು ಎಳೆ ಎಳೆಯಾಗಿ ಎದ್ದು ನಿಂತಿತು. ಆ ಕೂಗು, ಆ ಕುಣಿತ! ಹತ್ತನೇ ತರಗತಿಯ ನನ್ನ ಮಕ್ಕಳೂ — ನಾನು ಪಾಠ ಮಾಡುತ್ತಿರುವಾಗಲೇ — ಕಿಟಕಿಯತ್ತ ಕತ್ತು ಹೊರಳಿಸಿದರು. ಅಲ್ಲಿಂದಾಚೆಗೆ ಯಾರೂ ಅವರ ಮಾತಿನ ರಾಗ ಅಣಕಿಸಲಿಲ್ಲ. ಬದಲಿಗೆ ನಮ್ಮ ವಿಜಯನಗರ, ರಾಜಾಜಿನಗರದ ಮಕ್ಕಳೇ "ಹೌದ್ರಿ ಮಿಸ್, ಬರ್ತೇವ್ರಿ ಮಿಸ್" ಎಂದು ಪ್ರೀತಿಯಿಂದ ಅವರ ಹಾಗೆ ಮಾತಾಡಲು ಶುರುಮಾಡಿದರು. ನನ್ನನ್ನೂ ಕೈಹಿಡಿದು ಎಳೆದರು. "ಮಿಸ್, ನೀವೂ ಮುಟ್ಟಿ ಮಿಸ್, ಏನೂ ಆಗಲ್ಲ!" ತಲೆನೋವು ಎಂದು ಹೇಳಿ ಹೊರಗೆ ಬಂದೆ.

ಹದಿನಾಲ್ಕು ವರ್ಷದಲ್ಲಿ ನನ್ನ ಪಾಠಕ್ಕೆ ಯಾವ ಮಗುವೂ ಹಾಗೆ ಕೂಗಿರಲಿಲ್ಲ. ನಾನು ಕೆಟ್ಟ ಟೀಚರಲ್ಲ, ರಿಸಲ್ಟು ಚೆನ್ನಾಗಿಯೇ ಬರುತ್ತಿತ್ತು. ಆದರೆ ಆ ಕೂಗು — ಅದು ನನಗೂ ಬೇಕಿತ್ತು ಎಂದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಗೊತ್ತಾದ ದಿನದಿಂದ ಅವರ ಮುಖ ಕಂಡರೆ ನನಗೆ ಉರಿ. ಊಟದ ಹೊತ್ತಿನಲ್ಲಿ ಅವರು ರೊಟ್ಟಿ ಮುರಿದು ನನ್ನ ಡಬ್ಬಿಗೆ ಹಾಕುತ್ತಿದ್ದರು, ತಿನ್ನುತ್ತಲೇ ಉರಿಯುತ್ತಿದ್ದೆ.

ಫೆಬ್ರವರಿ ಕೊನೆಯ ವಿಜ್ಞಾನ ದಿನಕ್ಕೆ ಆಡಳಿತ ಮಂಡಳಿಯವರು, ಪೋಷಕರು ಎಲ್ಲ ಬರುವವರಿದ್ದರು. ಹಿಂದಿನ ದಿನ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಹಣೆ ತುಂಬ ಕುಂಕುಮ ಇಟ್ಟುಕೊಳ್ಳುವ, ಹೊಸ ಬೆಂಚು ಬಂದರೂ ತೆಂಗಿನಕಾಯಿ ಒಡೆಸದೆ ಮಕ್ಕಳನ್ನು ಕೂರಿಸದ ದೈವಭಕ್ತರು ಅವರು. "ನಾಳೆ ಆ ಮಹಾದೇವಿಯವರ ಮಿಷನ್ ನೋಡ್ತೀನಿ. ಚೆನ್ನಾಗಿದ್ರೆ ಅವರನ್ನ ಕಾಯಂ ಮಾಡೋಣ. ನೀವೇನಂತೀರಿ ಮೇಡಂ?" ನೋಡೋಣ ಸಾರ್, ಅಂದೆ. ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ನನಗೆ ಉಪಾಯ ಹೊಳೆಯಿತು. ಅದನ್ನು ನಾನು ನನ್ನದೇ ಪಾಠದಿಂದ ತೆಗೆದೆ. ಪ್ರತಿ ವರ್ಷ ಮಾಡಿ ತೋರಿಸುತ್ತಿದ್ದ ಪ್ರಯೋಗ — ಶುದ್ಧವಾದ ನೀರಿನಲ್ಲಿ ಎರಡು ಮೊಳೆ ಇಳಿಬಿಟ್ಟರೆ ಬಲ್ಬು ಉರಿಯುವುದಿಲ್ಲ, ಅದಕ್ಕೇ ಉಪ್ಪು ಹಾಕಿದರೆ ಉರಿಯುತ್ತದೆ. ಉಪ್ಪುನೀರು ವಿದ್ಯುತ್ತಿಗೆ ದಾರಿ; ಕೊಳವೆಗೆ ಬಳಿದರೆ ಗುಂಡಿಗೆ ತುಂಬಿದ್ದೆಲ್ಲ ಅದರ ಮೇಲೇ ಇಳಿದು ಹೋಗುತ್ತದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಶಾಲೆಗೆ ಹೋದೆ. ಬಟ್ಟಲಲ್ಲಿ ಅರಿಶಿನ ತೆಳ್ಳಗೆ ಕಲಸಿ, ಮನೆಯಿಂದ ಕಾಗದದಲ್ಲಿ ಕಟ್ಟಿ ತಂದಿದ್ದ ಉಪ್ಪನ್ನು ಹಾಕಿ ಕರಗಿಸಿದೆ.

ಕಾರ್ಯಕ್ರಮ ಶುರುವಾಗುವ ಮುಂಚೆ ಕಾರ್ಯದರ್ಶಿಗಳು ಬಂದು ನಿಂತರು. ನಾನು ಮುಂದೆ ಹೋಗಿ, "ಪೂಜೆ ಮಾಡದೆ ಶುರು ಮಾಡೋದಾ ಸಾರ್? ನಾನೇ ಮಾಡ್ತೀನಿ" ಅಂದೆ. ಅವರು ಮೆಚ್ಚಿ ತಲೆದೂಗಿದರು. ಹೊಸ್ತಿಲಿಗೆ ಬಳಿಯುವ ಹಾಗೆ ಆ ಕೊಳವೆಗೆ ಬುಡದಿಂದ ನೆತ್ತಿಯವರೆಗೆ ಸುತ್ತಲೂ ಅರಿಶಿನ ಬಳಿದೆ. ಮೇಲೆ ಸಾಲಾಗಿ ಕುಂಕುಮ ಇಟ್ಟೆ. ಗುಂಡಿಗೆ ಸೇವಂತಿಗೆ ಹಾರ ಹಾಕಿ ಆರತಿ ಎತ್ತಿದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಮಹಾದೇವಿ ಹಾರ ತೆಗೆದು ಪಕ್ಕಕ್ಕಿಟ್ಟರು. ಕೊಳವೆಯನ್ನು ನೋಡಿದರು. ಸೆರಗಿನ ತುದಿ ಕೈಗೆ ತೆಗೆದುಕೊಂಡು, ಬಹಳ ಮೆಲ್ಲಗೆ ನನ್ನನ್ನು ಕೇಳಿದರು. "ಮೇಡಂ, ಹಸಿ ಐತ್ರಿ. ಒಂಚೂರು ಒರಸ್ಲೇನ್ರಿ?"

ಕೇಳದೆಯೇ ಒರೆಸಬಹುದಿತ್ತು ಅವರು. ಹಿರಿಯಳೆಂದು ಕೇಳಿದರು. ನಾನು ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ. "ಅಯ್ಯೋ, ಈಗಷ್ಟೇ ಇಟ್ಟ ಅರಿಶಿನ ಕುಂಕುಮ ಅಳಿಸ್ತಾರೇನ್ರೀ? ಮಂಗಳದ್ದು! ನಿಮ್ಮ ಕಡೆ ಹಂಗೆಲ್ಲ ಮಾಡ್ತಾರಾ?"

ಕಾರ್ಯದರ್ಶಿಗಳ ಹುಬ್ಬು ಗಂಟಾಯಿತು. ಮಹಾದೇವಿಯ ಕೈಯಿಂದ ಸೆರಗು ಜಾರಿತು. ಹೊಸಬರು, ತಾತ್ಕಾಲಿಕದವರು, ಹೊರಗಿನಿಂದ ಬಂದವರು — ಆ ಹೆಣ್ಣುಮಗಳು ಅಷ್ಟು ಜನರ ಎದುರು ಕುಂಕುಮ ಒರೆಸುವುದಾದರೂ ಹೇಗೆ? ಇದು ನನಗೆ ಗೊತ್ತಿತ್ತು. ಉಪ್ಪಿಗಿಂತ ಹೆಚ್ಚಾಗಿ ನಾನು ನಂಬಿದ್ದು ಇದನ್ನೇ.

ಪೆಡಲ್ ಒತ್ತಿದರು. ಪಟ್ಟಿ ತಿರುಗಿತು, ಮೋಟರು ಗುಂಯ್‌ಗುಟ್ಟಿತು, ಗುಂಡಿನ ಮೇಲಿನ ಕಡಲೆಪುರಿ ಇಟ್ಟ ಜಾಗದಲ್ಲೇ ಕೂತಿತ್ತು. ಇನ್ನೂ ಜೋರಾಗಿ ಒತ್ತಿದರು. ಸ್ಟೂಲಿನ ಮೇಲೆ ಕೂದಲು ಬಿಚ್ಚಿ ನಿಂತಿದ್ದ ಹುಡುಗಿ ನಾಚಿಕೆಯಿಂದ ಕೆಳಗಿಳಿದಳು. ಹಿಂದೆ ಯಾರೋ ಕಿಸಕ್ಕೆಂದರು. ಆಗ ಮಹಾದೇವಿ ಬಗ್ಗಿ, ಕೊಳವೆಯ ಮೇಲೆ ತೋರುಬೆರಳು ಎಳೆದು, ಸಾರಿನ ಉಪ್ಪು ನೋಡುವ ಹಾಗೆ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡರು. ತಲೆ ಎತ್ತಿ ನನ್ನನ್ನು ನೋಡಿದರು.

ಆ ನೋಟ — ಬಯ್ದಿದ್ದರೆ ನಾನು ತಿರುಗಿ ಬಯ್ಯಬಹುದಿತ್ತು. ಅದಕ್ಕೆ ಹೆದರಿ, ಕಾರ್ಯದರ್ಶಿಗಳತ್ತ ತಿರುಗಿ ನಾನೇ ಬಾಯಿಬಿಟ್ಟೆ. "ಪಾಪ, ಮನೇಲಿ ಮಾಡಿದ್ದಲ್ವಾ ಸಾರ್, ಇಂಥವು ಒಂದಿನ ನಡಿಯತ್ತೆ, ಒಂದಿನ ಇಲ್ಲ."

ಸಂಜೆ ಕಾರ್ಯದರ್ಶಿಗಳು ಮತ್ತೆ ನನ್ನ ಅಭಿಪ್ರಾಯ ಕೇಳಿದರು. ಆಗಲಾದರೂ ಒಂದು ಮಾತು ತಿದ್ದಿಕೊಳ್ಳಬಹುದಿತ್ತು. "ಒಳ್ಳೆಯವರೇ ಸಾರ್. ಆದ್ರೆ ಪಾಠಕ್ಕಿಂತ ಆಟ ಜಾಸ್ತಿ" ಅಂದೆ. ಅಷ್ಟೇ ಸಾಕಾಯಿತು, ಅವರನ್ನು ಕಾಯಂ ಮಾಡಲಿಲ್ಲ.

ಏಪ್ರಿಲ್ ಹತ್ತರಂದು, ಶಾಲೆಯ ವರ್ಷದ ಕೊನೆಯ ದಿನ, ಮಹಾದೇವಿ ಯಂತ್ರವನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಪಕ್ಕ ಇಟ್ಟರು. ಬಿಸಿನೀರಿನಲ್ಲಿ ತೊಳೆದು ಒಣಗಿಸಿದ್ದರು. "ಇದು ಇಲ್ಲೇ ಇರಲ್ರಿ ಮೇಡಂ. ಹುಡುಗ್ರು ನೋಡ್ಲಿ" ಅಂದರು. ಅಷ್ಟು ಹೇಳಿ ಹೋದರು. ಯಾರೂ ಇಲ್ಲದಾಗ ನಾನು ಪೆಡಲ್ ಒತ್ತಿ ಬೆರಳನ್ನು ಗುಂಡಿನ ಹತ್ತಿರ ತಂದೆ. ಚಟ್ಟೆಂದು ಕಿಡಿ ಹಾರಿ ಬೆರಳು ಜುಮ್ಮೆಂದಿತು.

ಇಲ್ಲಿಗೆ ಮುಗಿದಿದ್ದರೆ ನಾನು ಬರೀ ಹೊಟ್ಟೆಕಿಚ್ಚಿನವಳು. ಮುಗಿಯಲಿಲ್ಲ. ಮುಂದಿನ ವರ್ಷ ಆ ಯಂತ್ರವನ್ನು ನನ್ನ ಮಕ್ಕಳಿಗೆ ನಾನೇ ತೋರಿಸಿದೆ. ಅವರು ಕೂಗಿದರು, ಕುಣಿದರು. ನನಗೆ ಬೇಕಾಗಿದ್ದ ಕೂಗು ಕೊನೆಗೂ ಸಿಕ್ಕಿತು. "ಎಷ್ಟು ಚೆನ್ನಾಗಿ ಮಾಡಿದೀರಾ ಮೇಡಂ" ಎಂದು ಪೋಷಕರೊಬ್ಬರು ಅಂದಾಗ ನಾನು ಸುಮ್ಮನೆ ನಕ್ಕೆ. ನಾನು ಮಾಡಿದ್ದು ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತೆ ಹದಿನೈದು ವರ್ಷ ಕುಡಿದೆ. ನಾನು ನಿವೃತ್ತಳಾದ ದಿನ, ಪ್ರಯೋಗಾಲಯದ ಕಪಾಟಿನಲ್ಲಿ ಆ ಯಂತ್ರದ ಕೆಳಗೆ ನನ್ನ ಹೆಸರಿನ ಚೀಟಿ ಅಂಟಿಸಿದರು. ಎಲ್ಲರ ಜೊತೆ ನಿಂತು ಫೋಟೊ ತೆಗೆಸಿಕೊಂಡೆ.

ನಡುವೆ ಒಮ್ಮೆ ಅವರನ್ನು ಕಂಡಿದ್ದೆ. ಮಾಗಡಿ ರೋಡಿನಲ್ಲಿ ಬಸ್ಸು ಕಾಮಾಕ್ಷಿಪಾಳ್ಯದ ಸ್ಟಾಪಿನಲ್ಲಿ ನಿಂತಿತ್ತು, ಗಾರ್ಮೆಂಟ್ಸ್ ಬಿಟ್ಟ ಹೊತ್ತು. ಊಟದ ಬುಟ್ಟಿ ಹಿಡಿದ ಹೆಂಗಸರ ಗುಂಪಿನಲ್ಲಿ ಅವರೂ ಇದ್ದರು. ಸೀರೆಯ ಮೇಲೆ ಅಲ್ಲಲ್ಲಿ ದಾರದ ಚೂರು ಅಂಟಿತ್ತು. ಎಂಎಸ್ಸಿ ಓದಿದ ಆ ಹೆಣ್ಣುಮಗಳು ಅಂಗಿಯ ದಾರ ಕತ್ತರಿಸುತ್ತಿದ್ದಾರೆ ಎಂದು ನನಗೆ ಆ ಕ್ಷಣವೇ ತಿಳಿಯಿತು. ಇಳಿದು ಮಾತಾಡಿಸಬಹುದಿತ್ತು. ನಾನು ಮುಖವನ್ನು ಆ ಕಡೆಯ ಕಿಟಕಿಗೆ ತಿರುಗಿಸಿಕೊಂಡು, ಬಸ್ಸು ಬೇಗ ಹೊರಡಲಿ ಎಂದು ಬೇಡಿಕೊಂಡೆ.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಉಂಡವರು ಅವರು, ಮಾಡಿದವಳು ನಾನು. ಗಾದೆ ಎಲ್ಲರಿಗೂ ಒಂದೇ ಥರ ನಡೆಯುವುದಿಲ್ಲ.

ಈ ಬರಹವನ್ನು ಹೋದ ತಿಂಗಳು ಬರೆದೆ. ಬರೆದ ಮೇಲೆ, ಅವರನ್ನು ಕೇಳದೆ ಅವರ ಕಥೆಯನ್ನು ಅಚ್ಚಿಗೆ ಕೊಟ್ಟರೆ ಮತ್ತೊಂದು ಕಳ್ಳತನವಾಗುತ್ತದೆ ಅನ್ನಿಸಿತು. ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ನಂಬರು ಸಿಕ್ಕಿತು. ಅವರು ಈಗ ಉಲ್ಲಾಳದ ಕಡೆ ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರಂತೆ. ಫೋನ್ ಮಾಡಿ, ಹೆಸರು ಹೇಳಿ, ಇಲ್ಲಿಯವರೆಗೆ ನೀವು ಓದಿದ್ದಷ್ಟನ್ನೂ ಓದಿದೆ. ನಡುವೆ ಅವರು ಹೂಂಗುಡಲಿಲ್ಲ. ಇಟ್ಟುಬಿಟ್ಟರೇನೋ ಎಂದು ಎರಡು ಸಲ "ಇದೀರಾ?" ಎಂದು ಕೇಳಿದೆ. "ಓದ್ರಿ" ಅಂದರು.

ಓದಿ ಮುಗಿಸಿದೆ. ಆಮೇಲೆ ಅವರು ಕೇಳಿದರು.

"ಹೊಟ್ಟಿಕಿಚ್ಚಿಗೆ ಮಾಡಿದ್ರೇನ್ರಿ? ಅಷ್ಟಕ್ಕ?"

ಹೌದು, ಅಂದೆ.

"ಉಪ್ಪು ಹಾಕ್ಯಾರ ಅಂತ ಅವತ್ತ ಗೊತ್ತಾತ್ರಿ. ಯಾಕ ಹಾಕ್ಯಾರ ಅಂತ ತಿಳೀಲಿಲ್ಲ. ನಾನ ಏನೋ ತಪ್ಪು ಮಾಡೀನಿ, ಮೇಡಮ್ಮಾರಿಗೆ ಮನಸ್ಸಿಗೆ ಹತ್ತೂವಂಗ ಏನೋ ಅಂದೀನಿ ಅಂತ… ಆ ಟ್ಯೂಬಿಂದು ಹುಡುಗ್ರ ಮುಂದ ಹೇಳಬಾರದಿತ್ತೇನೋ, ರೊಟ್ಟಿ ಹಾಕಿದ್ದು ಸೇರಲಿಲ್ಲೇನೋ… ಇಷ್ಟು ವರ್ಷ ಹುಡುಕ್ಕೋತನ ಇದ್ದೆ ನೋಡ್ರಿ. ಅದರ ಸಂಬಂಧ ಮತ್ತ ಯಾವ ಸಾಲಿಗೂ ಅರ್ಜಿ ಹಾಕಲಿಲ್ಲ ನಾ. ಹೋದಲ್ಲೆ ಮತ್ತ ಯಾರಿಗರ ಏನರ ಅಂದು, ಮತ್ತ ಹಂಗ ಆದ್ರ ಅಂತ. ನಂದೇನೂ ತಪ್ಪಿರಲಿಲ್ಲಾ ಹಂಗಾರ?"

"ಇರಲಿಲ್ಲ" ಅಂದೆ. ಮತ್ತೆ, ಅವರು ಕೇಳದಿದ್ದರೂ, ಇನ್ನೊಂದು ಸಲ ಹೇಳಿದೆ. ಇರಲಿಲ್ಲ.

ನಾನು ಅವರ ಕೆಲಸ ಕಳೆದೆ ಎಂದು ಇಷ್ಟು ದಿನ ತಿಳಿದಿದ್ದೆ. ಕೆಲಸ ಅದರಲ್ಲಿ ಸಣ್ಣ ಪಾಲು. ಕ್ಷಮಿಸಿ ಅನ್ನಲು ಬಾಯಿ ತೆರೆದೆ, ಆದರೆ ಆ ಮಾತು ಆಡಿದರೆ ಅದಕ್ಕೂ ಅವರೇ ಉತ್ತರ ಕೊಡಬೇಕಾಗುತ್ತದಲ್ಲ — ಆಡಲಿಲ್ಲ. ಅವರೂ ಕ್ಷಮಿಸಿದೆ ಎಂಬಂಥ ಮಾತೇನೂ ಆಡಲಿಲ್ಲ.

"ಅಚ್ಚು ಹಾಕಸ್ರಿ" ಅಂದರು. "ಬರೇ ಮಹಾದೇವಿ ಅಂತ ಬರ್ದೀರಿ. ನನ್ನ ಹೆಸರು ಪೂರ್ತಿ ಹಾಕ್ರಿ. ಮತ್ತ ಫೋನ್ ಮಾಡಬ್ಯಾಡ್ರಿ, ಮೇಡಂ."

ಮರುದಿನ ಬೆಳಿಗ್ಗೆ ಶಾಲೆಗೆ ಹೋದೆ. ಇದರ ಒಂದು ಪ್ರತಿಯನ್ನು ಈಗಿನ ಕಾರ್ಯದರ್ಶಿಗಳ ಕೈಗೆ ಕೊಟ್ಟೆ. ಕಪಾಟು ತೆಗೆಸಿ ನನ್ನ ಹೆಸರಿನ ಚೀಟಿ ಕಿತ್ತೆ. ಹೊಸ ಚೀಟಿಯಲ್ಲಿ ನನ್ನ ಕೈಯಾರೆ ಬರೆದದ್ದನ್ನೇ ಇಲ್ಲೂ ಬರೆಯುತ್ತೇನೆ: ಈ ಯಂತ್ರವನ್ನು ಮಾಡಿದವರು ಮಹಾದೇವಿ ಮೌನೇಶ ಬಡಿಗೇರ.